ಹೊಳೆಯೋ ಕತ್ತಿ ಹೊಸದು ಅಂತ ಬರೆದುಬಿಟ್ಟಿದ್ದೆ

ಮೈಸೂರಿನ ಹಳೇ ಮನೆಯೊಂದರ ಪಾಲುಪಟ್ಟಿಗೆ ವ್ಯಾಲ್ಯುಯೇಶನ್ ಮಾಡಲು ಹೋಗಿದ್ದೆವು. ಊಟದ ಟೇಬಲ್ ಮೇಲೆ ಸೀರೆ ಹಾಸಿ, ತಾತನ ಕತ್ತಿಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಮಧ್ಯಾಹ್ನದೊಳಗೆ ಫೋಟೊ, ಕಂಡಿಷನ್ ರಿಪೋರ್ಟ್ ಎರಡೂ ಆಗಬೇಕು ಅಂತ ಆಫೀಸಿನ ಕಟ್ಟಪ್ಪಣೆ. ಹೇಳುವವರು ಯಾವತ್ತೂ ಸೈಟಿಗೆ ಬರುವುದಿಲ್ಲ ಅನ್ನಿ.

ಎಲ್ಲರ ಕಣ್ಣು ಇದ್ದದ್ದು ಎರಡು ತಲ್ವಾರ್ ಮೇಲೆ. ಒಂದು ಚೆನ್ನಾಗಿ ತುಕ್ಕು ಹಿಡಿದಿತ್ತು. ಹಿಡಿ ತುಂಬ ಚಿನ್ನದ ಬಳ್ಳಿ, ಅಲಗಿನ ಮೇಲೆ ಹುಲಿಪಟ್ಟೆ. ಟಿಪ್ಪು ಕಾಲದ್ದು ಅಂತ ಮನೆಯವರ ನಂಬಿಕೆ. ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಹಿಡಿದ ಕೂಡಲೇ ಬಣ್ಣ ಬಯಲಾಯಿತು. ನಿಜವಾದ ಕೋಫ್ತಗಿರಿಯಲ್ಲಿ, ಅಂದರೆ ಉಕ್ಕಿನ ಮೇಲೆ ಚಿನ್ನ ಕೂರಿಸುವ ಕುಸುರಿಯಲ್ಲಿ, ಚಿನ್ನ ಸವೆದ ಕಡೆ ಉಕ್ಕಿನ ಮೇಲೆ ಸಣ್ಣ ಅಡ್ಡಗೆರೆಗಳು ಕಾಣುತ್ತವೆ, ಚಿನ್ನ ಕಚ್ಚಿಕೊಳ್ಳುವುದೇ ಆ ಗೆರೆಗಳಿಗೆ. ಇಲ್ಲಿ ಸವೆದ ಜಾಗ ನುಣ್ಣಗಿತ್ತು. ತುಕ್ಕಿನ ಗುಂಡಿಗಳೆಲ್ಲ ಒಂದೇ ಅಳತೆ, ಅಂದರೆ ಆಸಿಡ್ ಕೆಲಸ.

ಇನ್ನೊಂದು ಸ್ಟೀಲ್ ಲೋಟದ ಹಾಗೆ ಫಳಫಳ ಅನ್ನುತ್ತಿತ್ತು. ಹಿಡಿಯ ಒಳಗೆ ಹಳೇ ಕತ್ತಿಗಳಲ್ಲಿರುವ ಅರಗಿನ ಬದಲು ಈಗಿನ ಕಾಲದ ಅಂಟು, ಅರಾಲ್ಡೈಟ್. ಅಲಗಿನಲ್ಲಿ ನೀರಲೆಯ, ಅಂದರೆ ಕೆಲವು ಹಳೇ ಉಕ್ಕಿನಲ್ಲಿ ಕಾಣುವ ಅಲೆಯಂಥ ಗೆರೆಗಳ, ಸುಳಿವೇ ಇಲ್ಲ. ಮೊದಲನೆಯದರ ಗುಂಗಿನಲ್ಲೇ ಇದ್ದೆ, ಇದಕ್ಕೂ "20ನೇ ಶತಮಾನದ ಕೊನೆ" ಅಂತ ಟೈಪ್ ಮಾಡಿದೆ.

"ಹಾಗಾದ್ರೆ ಇದನ್ನ ಅಮೆರಿಕಕ್ಕೆ ತಗೊಂಡು ಹೋಗಬಹುದು ಅಲ್ವಾ ಸರ್?" ಅಂದ ದೊಡ್ಡ ಮೊಮ್ಮಗ.

1972ರ ಪ್ರಾಚ್ಯವಸ್ತು ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಕತ್ತಿಯನ್ನು ಯಾರೂ ಹಾಗೆ ದೇಶದ ಹೊರಗೆ ಒಯ್ಯುವಂತಿಲ್ಲ. ನಾನು ಇನ್ನೂ "ಹೂಂ" ಅಂದಿರಲಿಲ್ಲ, ಮೂಲೆಯಲ್ಲಿ ಕೂತಿದ್ದ ಅಜ್ಜಿ ಬಾಯಿ ಹಾಕಿದರು.

"ಹೊಸದು ಹೇಗಪ್ಪಾ ಆಗುತ್ತೆ? ಮದುವೆಯಾಗಿ ಬಂದಾಗಿಂದ ಆಯುಧಪೂಜೆಗೆ ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ದು ನಾನು. ಹಿಡಿ ಅಲ್ಲಾಡ್ತಿತ್ತು ಅಂತ ನಮ್ಮ ಯಜಮಾನ್ರು ಅಂಟು ಹಾಕಿಸಿದ್ರು."

ಟೇಬಲ್ ಸುತ್ತ ಯಾರೂ ಮಾತಾಡಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಹಿಡಿಯಿಂದ ಅಲಗಿನ ಮೇಲೆ ಇಳಿಯುವ ಪುಟ್ಟ ನಾಲಿಗೆ ಇರುತ್ತದಲ್ಲ, ಅದರ ಸಂದಿಗೆ ನಮ್ಮ ಜೂನಿಯರ್ ಹುಡುಗ ಓರೆಯಾಗಿ ಟಾರ್ಚ್ ಬಿಟ್ಟ. ಮೊದಲು ಕಂಡದ್ದು ಎಣ್ಣೆ, ಕುಂಕುಮ ಸೇರಿ ಗಟ್ಟಿಯಾದ ಕೊಳೆ. ಕಾಗದದ ಅಂಚಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿದೆವು. ಒಳಗೆ ಉಗುರಗಲ ಜಾಗದಲ್ಲಿ ಕಡುಬೂದು ಉಕ್ಕು, ಅದರಲ್ಲಿ ಒಂದಕ್ಕೊಂದು ಹೆಣೆದುಕೊಂಡು ಹರಿಯುವ ಸಣ್ಣ ಗೆರೆಗಳು. ಇಟ್ಟಿಗೆ ಪುಡಿ ಅಲ್ಲಿಗೆ ತಲುಪಿರಲಿಲ್ಲ. ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕಿನ ನೀರಲೆ ಉಜ್ಜಿದರೆ ಮರೆಯಾಗುತ್ತದೆ, ಆಸಿಡ್ ತಾಗಿಸಿದರೆ ಮತ್ತೆ ಏಳುತ್ತದೆ. ಗೊತ್ತಿದ್ದ ವಿಷಯವೇ! ಪೂಜೆ ನಡೆಯೋ ಮನೆಯಲ್ಲಿ ಕತ್ತಿ ಹೊಳೆಯದೆ ಇನ್ನೇನು? ಟಾರ್ಚ್ ತೆಗೆಯುವ ಮೊದಲು ಕತ್ತಿ ಉಜ್ಜೋರು ಯಾರು ಅಂತ ಕೇಳಬೇಕಿತ್ತು.

ಅಲಗು, ಹಿಡಿ, ಅಂಟು ಮೂರಕ್ಕೂ ಬೇರೆ ಬೇರೆ ವಯಸ್ಸು. ನಮ್ಮ ಸಾಫ್ಟ್‌ವೇರ್‌ನಲ್ಲಿ ಮಾತ್ರ ಕಾಲಕ್ಕೆ ಒಂದೇ ಕಾಲಂ. ರಿಮಾರ್ಕ್ಸ್‌ನಲ್ಲಿ ಬಿಡಿಸಿ ಬರೆದರೆ ಮ್ಯಾನೇಜರ್ ಫೋನ್: "ಹಳೇದೋ ಹೊಸದೋ, ಒಂದು ಹೇಳ್ರೀ."

ಅಮೆರಿಕದ ಮೊಮ್ಮಗ ಕೊನೆಗೆ ತನ್ನ ಪಾಲಿಗೆ ಟಿಪ್ಪು ಕತ್ತಿಯನ್ನೇ ಕೇಳಿದ. ನಕಲಿ ಅಂತ ಬರೆದೇ ಕೊಟ್ಟಿದ್ದೇವೆ ಅಂದೆ. "ಇರಲಿ ಬಿಡಿ ಸರ್, ಅಲ್ಲಿ ಯಾರಿಗೆ ಗೊತ್ತಾಗುತ್ತೆ" ಅಂದ.