ಕಾಳ್ಯಾನ ಕೊರಳ ಲೆಕ್ಕ

ಏಪ್ರಿಲ್ 25, 2024, ಗುರುವಾರ
ರಾಯಚೂರು

ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಕರೆಂಟು ಎರಡು ಸಲ ಹೋಗಿ ಬಂತು. ನಮ್ಮ ನಾಯಿ ಕಾಳ್ಯಾ ಬಚ್ಚಲ ಪಕ್ಕದ ತೇವದ ಫರ್ಸಿಗೆ ಹೊಟ್ಟೆ ಹಚ್ಚಿ ಮಲಗಿದ್ದಾನೆ. ಕಿವಿಗೆ ಔಷಧಿ ಹಾಕಿದ ಸಿಟ್ಟು, ನನ್ನ ಕಡೆ ಬೆನ್ನು.

ಯುಗಾದಿಗೆ ಬೆಂಗಳೂರಿಂದ ಬಂದ ತಂಗಿ ಇವನಿಗೊಂದು ಯಂತ್ರ ತಂದಿದ್ದಳು. ಅರ್ಧ ಬೆಂಕಿಪೊಟ್ಟಣದಷ್ಟು, ಕೊರಳಪಟ್ಟಿಗೆ ಸಿಕ್ಕಿಸುವಂಥದ್ದು. ಅವ್ವ ನೋಡಿ, "ನಾ ಬಿಪಿ ಮಷೀನ್ ಕೇಳಿ ವರ್ಷಾತು, ನಾಯಿಗೆ ವಾಚ್ ಬಂತು ನೋಡು" ಅಂದಳು. ಉತ್ತರ ಕೊಡಲಿಕ್ಕೆ ಬಾಯಿ ಬರಲಿಲ್ಲ.

ಅದರೊಳಗೆ ಇರುವುದು ಅಕ್ಸೆಲೆರೋಮೀಟರ್. ಮೊಬೈಲ್ ಅಡ್ಡ ಹಿಡಿದರೆ ಪರದೆ ತಿರುಗುತ್ತದಲ್ಲ, ಅದೇ ಜಾತಿಯದು. ಮೇಲೆ ಕೆಳಗೆ, ಹಿಂದೆ ಮುಂದೆ, ಎಡ ಬಲ ಎಂದು ಮೂರೂ ದಿಕ್ಕಿನ ಕುಲುಕಾಟವನ್ನು ಸೆಕೆಂಡಿಗೆ ಹಲವು ಸಲ ಅಳೆದು, ಕೂಡಿಸಿ, ಅಂಕ ಮಾಡಿ ಮೊಬೈಲಿಗೆ ಕಳಿಸುತ್ತದೆ. ದುಬಾರಿಯವು ಕೆರೆತ, ನೆಕ್ಕುವುದನ್ನೆಲ್ಲ ಬೇರೆ ಬೇರೆ ಗುರುತಿಸುತ್ತವೆ. ನಮ್ಮದು ಅಗ್ಗದ್ದು. ಕೊರಳು ಅಲುಗಿದರೆ ಅಂಕ, ಮುಗಿಯಿತು.

ಮೊದಲ ವಾರ ಗ್ರಾಫ್ ನೋಡುವುದೇ ಮಜಾ. ಬೆಳಗ್ಗೆ ಐದೂವರೆಗೆ ಮಾವಿನಕೆರೆ ಕಡೆ ಹೋಗಿ ಬರುವ ಹೊತ್ತಿಗೆ ಒಂದು ಗುಡ್ಡ. ಹನ್ನೊಂದರಿಂದ ಐದರವರೆಗೆ ಸಪಾಟು. ಈ ಬಿಸಿಲಿಗೆ ಮನುಷ್ಯರದ್ದೇ ಸಪಾಟು, ಬರೀ ನಾಲಿಗೆ ಚಾಚಿ ತೇಕುವ ಪ್ರಾಣಿ ಏನು ಮಾಡೀತು? ನಡುವೆ ಮಾತ್ರ ದಿನಕ್ಕೆರಡು ಮುಳ್ಳು: ಮೈಕ್ ಕಟ್ಟಿಕೊಂಡ ಪ್ರಚಾರದ ಆಟೋ. ಮೇ 7ಕ್ಕೆ ನಮ್ಮ ಕಡೆ ಮತದಾನ. ಕಾಳ್ಯಾ ಪಕ್ಷಭೇದ ಮಾಡದೆ ಎಲ್ಲ ಆಟೋಗಳನ್ನೂ ಓಣಿ ದಾಟಿಸಿ ಬರುತ್ತಾನೆ.

ಎರಡನೇ ವಾರಕ್ಕೆ ದಿನದ ಅಂಕ ಏರತೊಡಗಿತು. ಒಂಬತ್ತು ವರ್ಷದ ನಾಯಿ, ಅರ್ಧ ಮುಧೋಳದ ರಕ್ತ, ಬಿಟ್ಟೀತೇ ಎಂದು ಮನೆಯವರ ಗ್ರೂಪಿಗೆ ಫೋಟೋ ಹಾಕಿ ಮೆರೆದೆ. ತಿರುಗಾಟ ಒಂದು ಫರ್ಲಾಂಗೂ ಹೆಚ್ಚಿಲ್ಲ, ಅಂಕ ಎಲ್ಲಿಂದ ಬಂತು ಎಂದು ಮೂರು ದಿನ ಯೋಚನೆಯೇ ಬರಲಿಲ್ಲ.

ನಿನ್ನೆ ಗ್ರಾಫನ್ನು ಹಿಗ್ಗಿಸಿ ನೋಡಿದೆ. ರಾತ್ರಿ ಎರಡರಿಂದ ನಾಲ್ಕರ ನಡುವೆ ಸಣ್ಣ ಸಣ್ಣ ಮುಳ್ಳು, ಜಾಲಿಗಿಡದ ಹಾಗೆ. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ, ಅವನು ಕೆಳಗೆ ಅಂಗಳದಲ್ಲಿ. ಬೆಕ್ಕು ಬರುತ್ತಿರಬೇಕು ಅಂದುಕೊಂಡು ರಾತ್ರಿ ಮೆಟ್ಟಿಲ ಮೇಲೆ ಕೂತೆ. ಎರಡು ಇಪ್ಪತ್ತಕ್ಕೆ ಎದ್ದ. ತಲೆ ಕೊಡವಿದ, ಕಿವಿ ಧಪ್ ಧಪ್ ಎಂದು ಕೆನ್ನೆಗೆ ಬಡಿದವು. ಕೂತು ಹಿಂಗಾಲಿಂದ ಎಡಗಿವಿ ಕೆರೆದ, ಕುಂಯ್ ಅಂದ, ಮಲಗಿದ. ಐದು ನಿಮಿಷಕ್ಕೆ ಮತ್ತೆ ಅದೇ. ಬ್ಯಾಟರಿ ಹಿಡಿದು ಕಿವಿ ಮಡಚಿದೆ. ಒಳಗೆ ಕೆಂಪಗೆ ಊದಿದೆ, ಕಂದು ಗುಗ್ಗೆ, ಹುಳಿಹಿಟ್ಟಿನ ವಾಸನೆ. ಅಂದರೆ ನಾನು ಗ್ರೂಪಿನಲ್ಲಿ ಮೆರೆದದ್ದು ಇವನ ನೋವನ್ನು.

ಇವತ್ತು ಡಾಕ್ಟರ್ ಹತ್ತಿಯಲ್ಲಿ ಒರೆಸಿ, ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಈಸ್ಟ್ ಅಂದರು, ಬೂಷ್ಟಿನ ಜಾತಿಯದು. ಸೆಕೆ ಎಂದು ನಾನು ದಿನಾ ತಲೆ ಮೇಲೆ ಕೊಡ ಸುರಿಯುತ್ತಿದ್ದೆ. ಕಿವಿಯೊಳಗೆ ಪಸೆ ಉಳಿದರೆ ಅದಕ್ಕೆ ಹಬ್ಬ. ಮೊಬೈಲ್ ತೋರಿಸಿದೆ. ಕುತೂಹಲದಿಂದಲೇ ನೋಡಿದರು.

"ವಾಕಿಂಗಿಗೆ ಹಗ್ಗ ಎಲ್ಲಿ ಕಟ್ತೀರಿ?"

"ಇದೇ ಪಟ್ಟಿಗ್ರಿ."

"ಹಂಗಾರ ಬೆಳಗಿನ ಮಾರ್ಕ್ಸಿನ್ಯಾಗ ನಿಮ್ಮ ಕೈ ಜಗ್ಗಿದ್ದೂ ಸೇರ್ಯಾವ."

ಹಗ್ಗ ಎದೆಪಟ್ಟಿಗೆ ಕಟ್ಟಬೇಕಂತೆ. ಯಂತ್ರ ಗಂಟಲ ಕೆಳಗೇ ಇರಬೇಕು, ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟೇ ಸಡಿಲ. ಬೇರೆ ನಾಯಿಯ ಅಂಕದ ಜೊತೆ ಹೋಲಿಸಬೇಡಿ, ಗಾತ್ರ ನಡಿಗೆ ಬೇರೆಯಾದರೆ ಅಂಕವೂ ಬೇರೆ. ಕಿವಿ ವಾಸಿಯಾದ ಮೇಲೆ ಒಂದೆರಡು ವಾರದ ಸರಾಸರಿ ತೆಗೆದು ಅದನ್ನೇ ಇವನ ಅಳತೆ ಮಾಡಿಕೊಳ್ಳಿ ಅಂದರು. ವಯಸ್ಸಾದ ನಾಯಿ, ಮುಂದೆ ಕೀಲುನೋವು ಬಂದು ಓಡಾಟ ಮೆಲ್ಲಗೆ ಇಳಿದರೆ ಕಣ್ಣಿಗೆ ಕಾಣುವ ಮುಂಚೆ ಅಲ್ಲಿ ಕಂಡೀತು. ಔಷಧಿ ಕೊಡುವಾಗ ಇನ್ನೊಂದು ಸಲ ಹೇಳಿದರು, ತಲೆಗೆ ನೀರು ಬ್ಯಾಡ.

ಬರುತ್ತ ದಾರಿಯಲ್ಲಿ ಅವ್ವನಿಗೆ ಬಿಪಿ ಮಷೀನ್ ತಂದೆ. ಕೈಗೆ ಕಟ್ಟಿಕೊಂಡು, "ಹಗ್ಗ ಎಲ್ಲಿ ಕಟ್ತಿ?" ಅಂತ ಕೇಳಿದಳು. ಡಾಕ್ಟರ್ ಮಾತು ಹೇಳಬಾರದಿತ್ತು.

ಈಗ ತಾನೇ ಕಾಳ್ಯಾ ಎದ್ದು ತಲೆ ಕೊಡವಿದ. ಔಷಧಿಯ ಹನಿ ಮೊಬೈಲಿನ ಗಾಜಿಗೆ ಸಿಡಿಯಿತು. ಒರೆಸಿ ನೋಡಿದರೆ ಗ್ರಾಫಿನಲ್ಲಿ ಹೊಸದೊಂದು ಮುಳ್ಳು.