ನಮ್ಮ ಬೋರು, ನಮ್ಮ ನೀರು

17 ಮಾರ್ಚ್ 2024, ಭಾನುವಾರ
ಬೆಂಗಳೂರು

ಬೆಳಿಗ್ಗೆ ಎದುರು ಮನೆಯ ಅಂಕಲ್ ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ಪಕ್ಕದ ಮನೆಗೆ ಬಾಡಿಗೆಗೆ ಬಂದಿರುವ ಹುಡುಗ ಟ್ಯಾಂಕರ್‌ಗೆ ಕಾಯುತ್ತಾ ಗೇಟಿನ ಹತ್ತಿರ ನಿಂತಿದ್ದ.

"ಅಂಕಲ್, ಜಲಮಂಡಳಿಯವರು 5,000 ರೂಪಾಯಿ ದಂಡ ಅಂದಿದ್ದಾರೆ, ಅಲ್ವಾ?"

"ಅದು ಕುಡಿಯೋ ನೀರಿಗಪ್ಪಾ. ಇದು ನಮ್ಮ ಬೋರು. ದುಡ್ಡು ನಂದು, ಕರೆಂಟು ನಂದು. ನಿಂಗೇನು?"

ಅಂಕಲ್ ಮಾತು ಪೂರ್ತಿ ಸುಳ್ಳೂ ಅಲ್ಲ. ಜಮೀನಿನ ಅಡಿಯ ನೀರು ಎತ್ತುವ ಹಕ್ಕು ಜಮೀನಿನ ಒಡೆಯನದೇ ಎಂದು 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಆದರೆ ಆಗ ಇದ್ದದ್ದು ತೆರೆದ ಬಾವಿ, ಏತ, ಕಪಿಲೆ. ಮನುಷ್ಯರು, ಎತ್ತುಗಳು ದಣಿದರೆ ಸೇದುವುದೂ ನಿಲ್ಲುತ್ತಿತ್ತು. ಈಗ ಸಾವಿರ ಅಡಿ ಕೊರೆದು ಮೋಟಾರ್ ಇಳಿಸುತ್ತೇವೆ. ಬಂಡೆಯ ಬಿರುಕಿನಲ್ಲಿರುವ ನೀರಿಗೆ ಕಾಂಪೌಂಡ್ ಎಲ್ಲಿದೆ? ಒಬ್ಬರ ಬೋರು ಆಳಕ್ಕೆ ಹೋದರೆ ಇನ್ನೊಬ್ಬರದು ಕೈಕೊಡಬಹುದು. ಆಗ ಅವರೂ ಇನ್ನಷ್ಟು ಕೊರೆಸುತ್ತಾರೆ. ಕೊರೆಸಲು ದುಡ್ಡಿಲ್ಲದವರು, ಬಾಡಿಗೆಯವರು ಟ್ಯಾಂಕರ್‌ಗೆ ಕಾಯುತ್ತಾರೆ.

ಅದಕ್ಕೇ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಬಂತು. ಗುರುತಿಸಿದ ಪ್ರದೇಶಗಳಲ್ಲಿ ಬೋರು ಕೊರೆಸಲು ಅನುಮತಿ ಬೇಕು. ಅದಕ್ಕೂ ಮೊದಲೇ, 2009ರಲ್ಲಿ, ಬೆಂಗಳೂರಿನಲ್ಲಿ ಅರವತ್ತು-ನಲವತ್ತು ಸೈಟಿನ ಹಳೇ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಮಾಡಿಸದೆ ತಿಂಗಳ ಬಿಲ್ಲಿನಲ್ಲಿ ದಂಡ ಕಟ್ಟಿ ಆರಾಮಾಗಿರುವವರನ್ನು ನೋಡಿದ್ದೇನೆ. ಕೇಳಿದರೆ "ದಂಡ ಕಟ್ಟಿದೀವಲ್ಲ" ಎನ್ನುತ್ತಾರೆ. ದಂಡ ಕಟ್ಟಿದರೆ ಭೂಮಿಗೆ ನೀರು ಇಳಿಯುತ್ತದಾ? ನನಗೆ ಸಿಟ್ಟು ಬರುವುದು ಇಲ್ಲೇ. ಕಾರು ತೊಳೆಯುವುದು ಚಿಲ್ಲರೆ ವಿಷಯ.

ಹಾಗಂತ ಆ ಹುಡುಗ ಫೋನ್ ತೆಗೆದು ವಿಡಿಯೋ ಮಾಡಲು ಶುರು ಮಾಡಿದ್ದೂ ನನಗೆ ಹಿಡಿಸಲಿಲ್ಲ. ಇವತ್ತು ಕಾರು, ನಾಳೆ ನಮ್ಮ ಬಚ್ಚಲಿನ ಬಕೆಟ್ ಲೆಕ್ಕ. ಬೀದಿಯವರೆಲ್ಲ ಒಬ್ಬರಿಗೊಬ್ಬರು ಕಾವಲು ಕೂರುವುದು ಬೇಡ. ಪ್ರತಿ ಬೋರಿಗೂ ಮೀಟರ್ ಹಾಕಲಿ. ಎಳೆದಷ್ಟಕ್ಕೆ ಬಿಲ್ ಬರಲಿ, ಒಂದು ಮಿತಿ ದಾಟಿದರೆ ಮೋಟಾರ್ ನಿಲ್ಲಲಿ. ದುಡ್ಡು ಎಷ್ಟಾದರೂ ಕೊಡ್ತೀನಿ ಅಂದರೂ ನಿಲ್ಲಲಿ. ಆ ಮಿತಿಯೊಳಗೆ ಅಂಕಲ್ ಕಾರಾದರೂ ತೊಳೆಯಲಿ, ಗುಲಾಬಿ ಗಿಡಕ್ಕಾದರೂ ಹಾಕಲಿ. ಯಾರೂ ಕೇಳಬಾರದು.

ಮುಂದಿನ ಭಾನುವಾರ ಬೀದಿಯವರೆಲ್ಲ ಸೇರಿ ಮಾತಾಡೋಣ ಎಂದಾಗಿದೆ. ಅಂಕಲ್ ಬರಲ್ಲ ಅಂದರಂತೆ. ಬೋರು ಇರುವವರೇ ಬರದಿದ್ದರೆ ಟ್ಯಾಂಕರ್‌ಗೆ ಕಾಯುವ ನಾವು ಕೂತು ಏನು ತೀರ್ಮಾನ ಮಾಡುವುದು? ನಮ್ಮಾವನವರನ್ನು ಕಳಿಸಿ ಕರೆಸಬೇಕು. ಇಬ್ಬರೂ ವಾಕಿಂಗ್ ಸ್ನೇಹಿತರು.