ಕೆಎ 31 ಎಫ್ ಬಸ್ಸಿಂದ ಮ್ಯಾಂಚೆಸ್ಟರ್ ನೈಟ್ ಶಿಫ್ಟ್‌ವರೆಗೆ

ಊರಲ್ಲಿ ನನ್ನ ಬಗ್ಗೆ ಎರಡು ಸುದ್ದಿ ಓಡಾಡುತ್ತಿವೆ. ಇಂಗ್ಲೆಂಡಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾನೆ ಅನ್ನುವುದು ಒಂದು, ಅವನಿಗೆ ಆಟಿಸಂ ಅಂತೆ ಅನ್ನುವುದು ಇನ್ನೊಂದು. ಎರಡೂ ನಿಜ. ಆಟಿಸಂ ಅಂದರೆ ಮೆದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ಭಿನ್ನತೆ. ಶಿರಸಿ, ಕುಮಟಾ ಕಡೆಯ ಕೆಲವು ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ವಿಷಯ ಕೇಳುತ್ತಿದ್ದಾರೆ. ಅವರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನದು ಕಂಪ್ಯೂಟರ್ ಸೆಕ್ಯುರಿಟಿ. ಒಂದು ಕಂಪನಿಯ ಸರ್ವರ್‌ಗೆ ಯಾರು ಬಂದರು, ಎಲ್ಲಿಂದ ಬಂದರು, ಬಂದು ಏನು ಮುಟ್ಟಿದರು ಅನ್ನುವುದೆಲ್ಲ ಸಾಲು ಸಾಲಾಗಿ ದಾಖಲಾಗುತ್ತದೆ. ಅದೇ ಲಾಗ್. ಅದನ್ನು ಓದಿ ಕಳ್ಳರು ಎಲ್ಲಿ ಕಾಲಿಟ್ಟಿದ್ದಾರೆ ಅಂತ ಹುಡುಕುವುದು ನಮ್ಮ ತಂಡದ ಕೆಲಸ. ಹಗಲು, ರಾತ್ರಿ ಎರಡೂ ಪಾಳಿ ಇರುತ್ತದೆ.

ನಮ್ಮ ಕಡೆ ಅಡಿಕೆ ಆರಿಸುವವರನ್ನು ನೋಡಿದ್ದೀರಲ್ಲ? ಚಾಲಿ ರಾಶಿಯಲ್ಲಿ ಕೈ ಆಡಿಸುತ್ತಾ, ಮನೆ ಸುದ್ದಿ ಮಾತಾಡುತ್ತಲೇ ಬಿಳಿಗೋಟು, ಕೋಕಾ ಅನ್ನುವ ಕಡಿಮೆ ದರ್ಜೆಯ ಅಡಿಕೆಯನ್ನೆಲ್ಲ ಬೇರೆ ಮಾಡಿಬಿಡುತ್ತಾರೆ. ಯಾಕೆ ಅದನ್ನು ತೆಗೆದಿರಿ ಅಂತ ಕೇಳಿದರೆ ಆಮೇಲೆ ಕಾರಣ ಹೇಳುತ್ತಾರೆ. ಲಾಗ್ ಮುಂದೆ ನನ್ನ ಕಣ್ಣು ಹಾಗೇ ಓಡುತ್ತದೆ. ಮೋಸದ ಇಮೇಲ್‌ನಲ್ಲಿ ಕಂಪನಿಯ ಹೆಸರಿನ ‘ಎಮ್’ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಪಕ್ಕಪಕ್ಕ ಕೂತಿರುತ್ತವೆ. ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆದರೆ ಆ ಜೋಡಿ ‘ಎಮ್’ ಥರವೇ ಕಾಣುತ್ತದೆ. ಅಸಲಿ ಹೆಸರು ನನ್ನ ತಲೆಯಲ್ಲಿ ಚಿತ್ರವಾಗಿ ಕೂತಿರುವುದರಿಂದ ನಕಲಿಯದು ತಕ್ಷಣ ಚುಚ್ಚುತ್ತದೆ.

ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಬಳಸುವ ಎಕ್ಸ್‌ಝಡ್ ಅನ್ನುವ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಗುಟ್ಟಾಗಿ ಹಿಂಬಾಗಿಲು, ಅಂದರೆ ಕಳ್ಳದಾರಿ, ಇಟ್ಟಿದ್ದರು. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅವರಿಗೆ ಅನ್ನಿಸಿತು. ಕೆಲವು ವಾರ ಮೊದಲು ಬೇರೊಂದು ಟೆಸ್ಟ್‌ನಲ್ಲಿ ಕಂಡಿದ್ದ ವಿಚಿತ್ರ ಎಚ್ಚರಿಕೆಯೂ ನೆನಪಾಯಿತು. ಎರಡನ್ನೂ ಜೋಡಿಸಿದರು. ಅವರಿಗೆ ಆಟಿಸಂ ಇದೆ ಅಂತ ಹೇಳುತ್ತಿಲ್ಲ. ಈ ಕೆಲಸದಲ್ಲಿ ಹಳೆಯದೊಂದು ಸಣ್ಣ ವಿಷಯ ತಲೆಯಲ್ಲಿ ಉಳಿದಿರುವುದಕ್ಕೆ ಎಷ್ಟು ಬೆಲೆ ಇದೆ ನೋಡಿ. ಹಾಗಂತ ನನಗೆ ನೆನಪಿದೆ ಅಂದರೆ ಅದು ಸಾಕ್ಷಿ ಆಗುವುದಿಲ್ಲ. ದಾಖಲೆ ತೆಗೆದು ತೋರಿಸಿದ ಮೇಲೇ ಮಾತು.

ಇನ್ನು ಈ ನೆನಪಿನ ವಿಷಯ. ಚಿಕ್ಕವನಿದ್ದಾಗ ಶಿರಸಿ ಬಸ್ ಸ್ಟ್ಯಾಂಡಿನ ಕೆಎ 31 ಎಫ್ ಬಸ್ಸುಗಳ ನಂಬರೆಲ್ಲ ನನಗೆ ಬಾಯಿಪಾಠ ಆಗಿತ್ತು. ನೆಂಟರು ಬಂದರೆ ನಿಲ್ಲಿಸಿ ಹೇಳಿಸುತ್ತಿದ್ದರು. ಚಪ್ಪಾಳೆ ಆದ ಮೇಲೆ ‘ಮುಖ ನೋಡಿ ಮಾತಾಡು’ ಅನ್ನುವ ಬೈಗುಳ. ಶಾಲೆಯಲ್ಲೂ ಅದೇ. ಮುಖ ನೋಡಿದರೆ ನನಗೆ ಮಾತು ಕೇಳಿಸುವುದಿಲ್ಲ, ಕೇಳಬೇಕೆಂದರೆ ಬೇರೆ ಕಡೆ ನೋಡಬೇಕು. ಇದನ್ನು ಹೇಳಲು ಆಗ ನನಗೆ ಗೊತ್ತಿರಲಿಲ್ಲ.

ಆ ಬೈಗುಳಗಳೂ ಬಸ್ಸಿನ ನಂಬರಿನಷ್ಟೇ ಸ್ಪಷ್ಟವಾಗಿ ಉಳಿದಿವೆ. ನನಗೆ ನೆನಪು ಬಂದರೆ ಸದ್ದು, ವಾಸನೆ, ಬೆಳಕು ಎಲ್ಲ ಒಟ್ಟಿಗೇ ಬರುತ್ತವೆ. ದೇವಿಮನೆ ಘಟ್ಟದ ತಿರುವಿನ ಡೀಸೆಲ್ ವಾಸನೆ, ಮುಂದಿನ ಸೀಟಿನಲ್ಲಿ ರೆಕ್ಸಿನ್ ಹರಿದು ಹಳದಿ ಸ್ಪಂಜು ಕಾಣುತ್ತಿದ್ದ ಜಾಗ. ಇಂಥವು ಬಂದರೆ ಖುಷಿ. ಬೇಡದ್ದೂ ಹೀಗೇ ಬರುತ್ತದಲ್ಲ, ಅದೇ ಕಷ್ಟ. ಆಫೀಸಿನಲ್ಲಿ ಯಾರಾದರೂ ಪಾಸ್‌ವರ್ಡ್ ಹೊಡೆಯುವಾಗ ನಾನು ಗೋಡೆ ಕಡೆ ತಿರುಗುತ್ತೇನೆ. ಒಮ್ಮೆ ಬೆರಳು ಹೋದ ದಾರಿ ಕಂಡರೆ ಅದು ತಲೆಯಲ್ಲೇ ಕೂತುಬಿಡುತ್ತದೆ. ಹಿಂಸೆಯ ಚಿತ್ರಗಳಿರುವ ಕೇಸ್ ಬಂದರೆ ನನಗೆ ಕೊಡಬೇಡಿ ಅಂತ ಬರೆದುಕೊಟ್ಟಿದ್ದೇನೆ. ಬೇರೆಯವರಿಗೆ ದಿನ ಕಳೆದಂತೆ ಮಸುಕಾಗುವುದು ನನಗೆ ಮಸುಕಾಗುವುದಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಕೇಳಲು ಕಾನೂನಿನ ಬಲವಿದೆ. 2010ರ ಸಮಾನತಾ ಕಾಯ್ದೆ ಪ್ರಕಾರ ಅಂಗವೈಕಲ್ಯ ಇರುವ ನೌಕರನಿಗೆ ಬೇಕಾದ ನ್ಯಾಯಯುತ ಹೊಂದಾಣಿಕೆಯನ್ನು ಕಂಪನಿ ಮಾಡಿಕೊಡಬೇಕು, ಆಟಿಸಂ ಕೂಡ ಅದರಡಿ ಬರಬಹುದು. ನಾನು ಕೇಳಿದ್ದು ಜಾಸ್ತಿ ಏನಲ್ಲ. ಮೂಲೆಯ ಸೀಟು, ಕಿವಿಗೆ ಹೆಡ್‌ಫೋನ್, ಪಾಳಿ ಬದಲಾಗುವಾಗ ವಿಷಯ ಬಾಯಲ್ಲಿ ಹೇಳುವ ಬದಲು ಬರೆದಿಡುವುದು. ಬರೆದಿಡಲು ಶುರು ಮಾಡಿದ ಮೇಲೆ ಇಡೀ ತಂಡಕ್ಕೇ ಅನುಕೂಲವಾಯಿತು. ರಾತ್ರಿ ಅರ್ಧಕ್ಕೆ ನಿಂತ ತನಿಖೆ ಬೆಳಿಗ್ಗೆ ಕೈತಪ್ಪುವುದಿಲ್ಲ.

ಮಾರಿಕಾಂಬಾ ಜಾತ್ರೆಗೆ ಯಾಕೆ ಬರಲ್ಲ ಅಂತ ತುಂಬಾ ಜನ ಕೇಳುತ್ತೀರಿ. ದೇವಿ ಮೇಲೆ ಭಕ್ತಿ ಇದೆ. ಆದರೆ ಆ ಮೈಕು, ಆ ಜನ ನನ್ನ ಕೈಲಿ ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಮುಗಿದು ಪೇಟೆ ಖಾಲಿ ಆದ ಮೇಲೆ ಬರುತ್ತೇನೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಮಕ್ಕಳ ಬಗ್ಗೆ ಕೇಳಿದವರಿಗೆ: ಆಟಿಸಂ ಇರುವ ಎಲ್ಲರಿಗೂ ಇಂಥ ನೆನಪಿರುವುದಿಲ್ಲ, ಅದನ್ನು ಮಗುವಿನಲ್ಲಿ ಹುಡುಕುತ್ತಾ ಕೂರಬೇಡಿ. ಇದ್ದರೆ ನೆಂಟರ ಮುಂದೆ ಹೇಳಿಸಬೇಡಿ. ಮುಖ ನೋಡು ಅಂತ ಗದರಿಸಬೇಡಿ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೂ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು. ಜನ ಏನೆನ್ನುತ್ತಾರೋ ಅಂತ ಸುಮ್ನೆ ಮುಂದೂಡಬೇಡಿ. ಇನ್ನೇನಾದರೂ ಕೇಳುವುದಿದ್ದರೆ ಮೆಸೇಜ್ ಹಾಕಿ, ಫೋನ್ ಬೇಡ. ಬರೆದು ಕೇಳಿದರೆ ನಿಧಾನವಾಗಿ, ಪೂರ್ತಿಯಾಗಿ ಉತ್ತರ ಬರೆಯುತ್ತೇನೆ.